ಕಾರ್ಖಾನೆಗೆ ಕೋಟಿ ಕೋಟಿ, ಫೈಲಿಗೆ ಯಾರು ಹೊಣೆ?

ಬೆಂಗಳೂರು: ಕೇಂದ್ರ ಸಚಿವ ಸಂಪುಟವು 2025ರ ಮಾರ್ಚ್ 28ರಂದು 22,919 ಕೋಟಿ ರೂಪಾಯಿ ವೆಚ್ಚದ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ತಯಾರಿಕಾ ಯೋಜನೆಗೆ ಒಪ್ಪಿಗೆ ನೀಡಿದಾಗ ಉದ್ಯಮ ವಲಯದಲ್ಲಿ ಹರ್ಷ ವ್ಯಕ್ತವಾದದ್ದು ಸಹಜವೇ. 59,350 ಕೋಟಿ ರೂಪಾಯಿ ಬಂಡವಾಳವನ್ನು ಸೆಳೆಯುವುದು, 91,600 ಮಂದಿಗೆ ನೇರ ಉದ್ಯೋಗ ಕಲ್ಪಿಸುವುದು ಅಂದು ಪ್ರಕಟವಾದ ಗುರಿ. ಯೋಜನೆಯ ವ್ಯಾಪ್ತಿಗೆ ಸೇರಿದ ವಸ್ತುಗಳಲ್ಲಿ ಪ್ರಮುಖವಾದದ್ದು ಪಿಸಿಬಿ, ಅಂದರೆ ಮುದ್ರಿತ ಸರ್ಕ್ಯೂಟ್ ಬೋರ್ಡ್. ಮೊಬೈಲಿನಿಂದ ಮೊದಲ್ಗೊಂಡು ಮತಯಂತ್ರದವರೆಗೆ ಯಾವುದನ್ನು ಬಿಚ್ಚಿದರೂ ಒಳಗೆ ಕಾಣುವ ಹಸಿರು ಹಲಗೆ ಅದು. ಈ ಹಲಗೆಗಳ ಬಹುಪಾಲು ಇಂದಿಗೂ ದೇಶಕ್ಕೆ ಹೊರಗಿನಿಂದಲೇ, ಅದರಲ್ಲೂ ಚೀನಾದಿಂದ, ಬರುತ್ತಿದೆ.

ಕಾರ್ಖಾನೆ ಬಂದರೆ ಸಮಸ್ಯೆ ತೀರಿತು ಎಂಬ ಭಾವನೆ ಸಾರ್ವತ್ರಿಕವಾಗಿದೆ. ಆದರೆ ಬೋರ್ಡಿನ ಹುಟ್ಟು ಕಾರ್ಖಾನೆಯಲ್ಲಿ ಆಗುವುದಿಲ್ಲ. ವಿನ್ಯಾಸಕಾರನ ಗಣಕದಲ್ಲಿ ರೂಪುಗೊಂಡ ನಕ್ಷೆ ಹತ್ತು-ಹದಿನೈದು ಫೈಲುಗಳ ಒಂದು ಕಟ್ಟಾಗಿ ಕಾರ್ಖಾನೆ ತಲುಪಬೇಕು. ವಿನ್ಯಾಸಕಾರನಿಗೂ ತಯಾರಕನಿಗೂ ನಡುವಿನ ಏಕೈಕ ಕರಾರುಪತ್ರ ಆ ಕಟ್ಟು. ಅದರಲ್ಲಿ ಬರೆದದ್ದು ತಯಾರಾಗುತ್ತದೆ, ಬರೆಯದಿದ್ದದ್ದು ತಯಾರಾಗುವುದಿಲ್ಲ. ವಿನ್ಯಾಸದ ರಾಜಧಾನಿ ಎನಿಸಿಕೊಂಡ ಬೆಂಗಳೂರಿನಿಂದಲೇ ಈ ಕಟ್ಟುಗಳು ನಿತ್ಯವೂ ಶೆನ್ಜೆನ್ ನಗರದತ್ತ ಹೋಗುತ್ತಿರುವುದೇಕೆ ಎಂಬ ಪ್ರಶ್ನೆಗೆ ಕಾರ್ಖಾನೆಗಳ ಕೊರತೆಯೊಂದೇ ಉತ್ತರವಲ್ಲ.

ವಿಯೆನ್ನಾದ ಇಬ್ಬರು

ಮುದ್ರಿತ ಸರ್ಕ್ಯೂಟಿನ ಚರಿತ್ರೆಯಲ್ಲಿ ವಿಯೆನ್ನಾ ನಗರದಲ್ಲಿ ಹುಟ್ಟಿದ ಇಬ್ಬರ ಹೆಸರು ಅಳಿಯದೆ ಉಳಿದಿದೆ. ಮೊದಲನೆಯವರು ಪಾಲ್ ಐಸ್ಲರ್. ತಂತಿಗಳ ಜಡೆಯ ಬದಲು ಹಲಗೆಯ ಮೇಲಿನ ತಾಮ್ರದ ಹಾಳೆಯನ್ನೇ ಕೊರೆದು ವಿದ್ಯುತ್ತಿನ ದಾರಿ ಮಾಡಬಹುದೆಂದು 1930ರ ದಶಕದಲ್ಲಿ ಲಂಡನ್ನಿನಲ್ಲಿ ತೋರಿಸಿಕೊಟ್ಟವರು. ಎರಡನೆಯವರು ಜೋಸೆಫ್ ಗರ್ಬರ್. ನಾಜಿಗಳ ಕೈಯಿಂದ ಪಾರಾಗಿ 1940ರಲ್ಲಿ ಅಮೆರಿಕ ಸೇರಿದ ಈ ಯುವಕ ಮುಂದೆ ಸ್ಥಾಪಿಸಿದ ಸಂಸ್ಥೆ, ಬೆಳಕಿನ ಕಿರಣದಿಂದ ಫಿಲಂ ಮೇಲೆ ನಕ್ಷೆ ಬಿಡಿಸುವ ಫೋಟೋಪ್ಲಾಟರ್ ಯಂತ್ರಗಳಿಗೆ ಹೆಸರಾಯಿತು. ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಬಟ್ಟೆಯ ಥಾನು ಕತ್ತರಿಸುವ ಗಣಕೀಕೃತ ಯಂತ್ರವೂ ಅವರದೇ ಕೊಡುಗೆ.

ಆ ಫೋಟೋಪ್ಲಾಟರಿಗೆ ಆಜ್ಞೆ ನೀಡುವ ಭಾಷೆಯೇ ಗರ್ಬರ್ ಫೈಲು. ‘ಇಲ್ಲಿಗೆ ಸರಿ, ಇಲ್ಲಿಂದ ಅಲ್ಲಿಗೆ ಗೆರೆ ಎಳೆ, ಇಲ್ಲೊಂದು ಚುಕ್ಕೆ ಇಡು’ ಎಂಬ ಮೂರು ಆಜ್ಞೆಗಳೇ ಅದರ ಜೀವಾಳ. 1980ರಲ್ಲಿ ಅದರ ವಿವರಣೆ ಪ್ರಕಟವಾಯಿತು. ಯಾವ ಗಾತ್ರದ, ಯಾವ ಆಕಾರದ ಬೆಳಕಿನ ಕಿಂಡಿಯಿಂದ ಗೆರೆ ಎಳೆಯಬೇಕೆಂಬ ಪಟ್ಟಿ ಆಗ ಬೇರೆಯೇ ಕಾಗದದಲ್ಲಿರುತ್ತಿತ್ತು. ಆ ಕಾಗದ ಕಳೆದರೆ ಫೈಲು ಕುರುಡು. 1998ರಲ್ಲಿ ಬಂದ ಆರ್‌ಎಸ್-274ಎಕ್ಸ್ ಆವೃತ್ತಿ ಆ ಪಟ್ಟಿಯನ್ನು ಫೈಲಿನೊಳಗೇ ಸೇರಿಸಿತು. 2014ರಲ್ಲಿ ಬಂದ ಎಕ್ಸ್2 ಆವೃತ್ತಿಯು ‘ಈ ಫೈಲು ಯಾವ ಪದರದ್ದು, ಈ ಚುಕ್ಕೆ ಏತಕ್ಕಾಗಿ’ ಎಂಬ ಅರ್ಥವನ್ನೂ ಹೊರುವ ಶಕ್ತಿ ಪಡೆಯಿತು. ಈ ಭಾಷೆಯ ಹೊಣೆ ಈಗ ಬೆಲ್ಜಿಯಂನ ಯೂಕಾಮ್ಕೊ ಸಂಸ್ಥೆಯದು.

ಗಮನಿಸಬೇಕಾದ ಅಂಶವೆಂದರೆ, ಗರ್ಬರ್ ಮೂಲತಃ ಚಿತ್ರ ಬಿಡಿಸುವ ಭಾಷೆ. ವಿದ್ಯುತ್ತು ಅದಕ್ಕೆ ತಿಳಿಯದು. ವಿನ್ಯಾಸಕಾರನ ತಂತ್ರಾಂಶಕ್ಕೆ ಇದು ಬ್ಯಾಟರಿಯ ದಾರಿ, ಇದು ಭೂಸಂಪರ್ಕ ಎಂಬ ಅರಿವಿರುತ್ತದೆ. ಹಳೆಯ ಮಾದರಿಯ ಫೈಲಾಗಿ ಹೊರಬರುವ ಹೊತ್ತಿಗೆ ಆ ಅರಿವು ಕಳಚಿಹೋಗಿ ಬರಿಯ ಗೆರೆ-ಚುಕ್ಕೆಗಳು ಉಳಿಯುತ್ತವೆ. ತಪ್ಪುಗಳು ನುಸುಳುವುದು ಈ ಸಂದಿಯಲ್ಲೇ.

ಕಟ್ಟಿನೊಳಗೆ ಏನಿದೆ?

ಎರಡು ಪದರದ ಸಾಮಾನ್ಯ ಬೋರ್ಡಿಗೂ ಮೇಲಿನ ಮತ್ತು ಕೆಳಗಿನ ತಾಮ್ರಕ್ಕೆ ಒಂದೊಂದು, ಬೆಸುಗೆ ಹರಡದಂತೆ ತಡೆಯುವ ಹಸಿರು ಲೇಪಕ್ಕೆ ಎರಡು, ಬಿಳಿ ಅಕ್ಷರಗಳ ಮುದ್ರಣಕ್ಕೆ ಎರಡು, ಹೊರ ಅಂಚಿಗೆ ಒಂದು, ರಂಧ್ರಗಳಿಗೆ ಒಂದೆರಡು ಹೀಗೆ ಫೈಲುಗಳು ಬೇಕು. ಬಿಡಿಭಾಗಗಳನ್ನು ಕೂರಿಸಿಯೂ ಕೊಡಬೇಕೆಂದರೆ ಬೆಸುಗೆ ಹಿಟ್ಟಿನ ಪದರ, ಬಿಡಿಭಾಗಗಳ ಪಟ್ಟಿ ಮತ್ತು ಯಾವ ಭಾಗ ಯಾವ ಜಾಗದಲ್ಲಿ ಯಾವ ದಿಕ್ಕಿಗೆ ಎಂಬ ಕೋಷ್ಟಕ ಸೇರಿಕೊಳ್ಳುತ್ತವೆ.

ರಂಧ್ರಗಳ ಫೈಲಿನ ಕಥೆಯೇ ಬೇರೆ. ಅದು ಗರ್ಬರ್ ಭಾಷೆಯಲ್ಲಿರದೆ, ಎಕ್ಸೆಲಾನ್ ಎಂಬ ಅಮೆರಿಕದ ಡ್ರಿಲ್ಲಿಂಗ್ ಯಂತ್ರ ಕಂಪನಿಯ ಹೆಸರಿನ ಭಾಷೆಯಲ್ಲಿರುವುದೇ ಹೆಚ್ಚು. ಅದರಲ್ಲಿ ದಶಮಾಂಶ ಬಿಂದುವನ್ನು ಬರೆಯದೆ ಊಹೆಗೆ ಬಿಡುವ ಹಳೆಯ ಪದ್ಧತಿ ಇನ್ನೂ ಜೀವಂತವಿದೆ. ಸಂಖ್ಯೆಯ ಹಿಂದಿನ ಸೊನ್ನೆಗಳನ್ನು ಬಿಟ್ಟಿದೆಯೋ ಮುಂದಿನ ಸೊನ್ನೆಗಳನ್ನೋ ಎಂಬುದು ತಿಳಿಯದಿದ್ದರೆ ರಂಧ್ರಗಳೆಲ್ಲ ಒಂದು ಮೂಲೆಗೆ ಮುದುಡುತ್ತವೆ, ಇಲ್ಲವೇ ಬೋರ್ಡಿನ ಆಚೆಗೆ ಚದುರುತ್ತವೆ. ಅಂಗುಲವನ್ನು ಮಿಲಿಮೀಟರ್ ಎಂದು ಓದಿದರೆ 25.4 ಪಟ್ಟು ವ್ಯತ್ಯಾಸ. ಇಂಥ ದೊಡ್ಡ ತಪ್ಪುಗಳು ಕಣ್ಣಿಗೆ ಬೀಳುವುದರಿಂದ ಅಷ್ಟು ಅಪಾಯಕಾರಿಯಲ್ಲ. ಕಾರ್ಖಾನೆಯವರು ಕೆಲಸ ನಿಲ್ಲಿಸಿ ಪ್ರಶ್ನೆ ಕೇಳುತ್ತಾರೆ, ನಾಲ್ಕು ದಿನ ತಡವಾಗುತ್ತದೆ.

ನಿಜವಾದ ಅಪಾಯ ಇರುವುದು ಕಣ್ಣಿಗೆ ಬೀಳದ ತಪ್ಪುಗಳಲ್ಲಿ. ವಿನ್ಯಾಸಕಾರ ಸೂಚಿಸಿದ ರಂಧ್ರದ ಅಳತೆ ತಾಮ್ರ ಲೇಪನಕ್ಕೆ ಮುಂಚಿನದೋ ನಂತರದ್ದೋ? ನಾಲ್ಕು ಪದರದ ಬೋರ್ಡಿನಲ್ಲಿ ಒಳಪದರಗಳ ಕ್ರಮ ಯಾವುದು? ತಿರುಪು ಹಾಕುವ ರಂಧ್ರದ ಒಳಗೋಡೆಗೆ ಲೋಹ ಬೇಕೇ, ಬೇಡವೇ? ಡಯೋಡಿನ ಸೊನ್ನೆ ಡಿಗ್ರಿ ಯಾವ ದಿಕ್ಕು? ಫೈಲು ಸ್ಪಷ್ಟವಾಗಿ ಹೇಳದ ಕಡೆ ಯಾರೋ ಒಬ್ಬರು ಊಹಿಸಲೇಬೇಕು. ಆ ಊಹೆ ನಡೆಯುವುದು ಎರಡು ದಿನದಲ್ಲಿ ಸರಕು ಸಾಗಿಸಬೇಕಾದ ಅವಸರದಲ್ಲಿ.

ಒಂದು ಸೀಳಿನ ಬೆಲೆ

ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳಬಹುದು. ಕೊಳವೆಬಾವಿಯ ಪಂಪನ್ನು ಮನೆಯಲ್ಲೇ ಕುಳಿತು ಮೊಬೈಲಿನಿಂದ ಚಾಲೂ ಮಾಡುವ ಉಪಕರಣವನ್ನು ಪೀಣ್ಯದ ಸಣ್ಣ ಕಂಪನಿಯೊಂದು ರೂಪಿಸುತ್ತದೆ ಎನ್ನೋಣ. ಅದರ ಬೋರ್ಡಿನ ಒಂದು ಬದಿಯಲ್ಲಿ ಮೂರು ಫೇಸಿನ ವಿದ್ಯುತ್ತು, ಇನ್ನೊಂದು ಬದಿಯಲ್ಲಿ ಐದು ವೋಲ್ಟಿನ ಚಿಪ್ಪು. ಎರಡರ ನಡುವೆ ಹಲಗೆಯನ್ನೇ ಉದ್ದಕ್ಕೆ ಸೀಳಿ ಖಾಲಿ ಜಾಗ ಬಿಡುವುದು ವಾಡಿಕೆ. ಧೂಳು, ತೇವ ಕೂತಾಗ ಹಲಗೆಯ ಮೈಮೇಲೆ ವಿದ್ಯುತ್ತು ಹರಿದು ಈಚೆ ಬದಿಗೆ ದಾಟದಿರಲೆಂದು ಈ ಏರ್ಪಾಡು.

ವಿನ್ಯಾಸಕಾರ ಆ ಸೀಳನ್ನು ಹೊರ ಅಂಚಿನ ಪದರದಲ್ಲಿ ಬಿಡಿಸುವ ಬದಲು ಟಿಪ್ಪಣಿ ಬರೆಯುವ ಪದರದಲ್ಲಿ ಬಿಡಿಸಿಬಿಟ್ಟರೆ? ಅವನ ಪರದೆಯ ಮೇಲೆ ಸೀಳು ಕಾಣುತ್ತಲೇ ಇರುತ್ತದೆ. ಕಾರ್ಖಾನೆಗೆ ಹೋದ ಫೈಲುಗಳಲ್ಲಿ ಅದು ಇರುವುದೇ ಇಲ್ಲ. ಬೋರ್ಡು ಬರುತ್ತದೆ, ಪಂಪು ಓಡುತ್ತದೆ, ಪ್ರಯೋಗಾಲಯದ ಒಣ ಮೇಜಿನ ಮೇಲೆ ಎಲ್ಲವೂ ಸರಿಯಾಗಿರುತ್ತದೆ. ಮಳೆಗಾಲದಲ್ಲಿ ಹೊಲದಂಚಿನ ಪೆಟ್ಟಿಗೆಯೊಳಗೆ ತೇವ ತುಂಬಿದಾಗ, ಗುಂಡಿ ಒತ್ತಲು ಬಂದ ರೈತನ ಕೈಗೂ ಮೂರು ಫೇಸಿಗೂ ನಡುವೆ ಇರಬೇಕಾದ ಅಂತರ ಇರುವುದಿಲ್ಲ.

‘ಬೋರ್ಡುಗಳನ್ನೆಲ್ಲ ನೂರಕ್ಕೆ ನೂರು ಪರೀಕ್ಷಿಸಿ ಕಳುಹಿಸಿದ್ದೇವೆ’ ಎಂದು ತಯಾರಕರು ಹೇಳುತ್ತಾರಲ್ಲ ಎಂಬ ಪ್ರಶ್ನೆ ಇಲ್ಲಿ ಏಳಬಹುದು. ಆ ಪರೀಕ್ಷೆ ಯಾವುದಕ್ಕೆ ಹೋಲಿಸಿ ನಡೆಯುತ್ತದೆ ಎಂಬುದೇ ಮುಖ್ಯ. ಯಾವ ಬಿಂದು ಯಾವುದಕ್ಕೆ ಸೇರಬೇಕೆಂಬ ಮೂಲ ಪಟ್ಟಿಯನ್ನು, ಅಂದರೆ ಐಪಿಸಿ-ಡಿ-356 ಮಾದರಿಯ ನೆಟ್‌ಲಿಸ್ಟನ್ನು, ವಿನ್ಯಾಸಕಾರ ಕಳುಹಿಸದಿದ್ದರೆ ಕಾರ್ಖಾನೆಯು ಬಂದ ಗರ್ಬರ್ ಚಿತ್ರದಿಂದಲೇ ಅಂಥ ಪಟ್ಟಿ ತಯಾರಿಸಿಕೊಂಡು ಅದಕ್ಕೆ ಹೋಲಿಸುತ್ತದೆ. ಚಿತ್ರದಲ್ಲೇ ಎರಡು ತಂತಿಗಳು ತಪ್ಪಾಗಿ ಕೂಡಿದ್ದರೆ ಪರೀಕ್ಷೆಯೂ ಅವು ಕೂಡಿರುವುದೇ ಸರಿ ಎನ್ನುತ್ತದೆ. ವಿದ್ಯಾರ್ಥಿ ಬರೆದ ಉತ್ತರವನ್ನು ಅದೇ ಉತ್ತರಕ್ಕೆ ಹೋಲಿಸಿ ಪೂರ್ಣ ಅಂಕ ಕೊಟ್ಟಂತೆ ಇದು. ಇನ್ನು ಸೀಳಿನಂಥ ಆಕಾರದ ತಪ್ಪು ಈ ವಿದ್ಯುತ್ ಪರೀಕ್ಷೆಯ ವ್ಯಾಪ್ತಿಗೇ ಬರುವುದಿಲ್ಲ.

ಶೆನ್ಜೆನ್ ಗೆದ್ದದ್ದು ಎಲ್ಲಿ?

ಹತ್ತು ಸೆಂಟಿಮೀಟರ್ ಉದ್ದಗಲದ, ಎರಡು ಪದರದ ಐದು ಬೋರ್ಡುಗಳನ್ನು ಎರಡು ಡಾಲರಿಗೆ, ಸಾಗಾಟದ ಖರ್ಚು ಬೇರೆ, ಮಾಡಿಕೊಡುವುದಾಗಿ ಚೀನಾದ ಮಾದರಿ ತಯಾರಕರು ಜಾಹೀರಾತು ನೀಡಿರುವುದು ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ಇದನ್ನು ಕೇವಲ ಅಗ್ಗದ ಕೂಲಿಯ ಮಹಿಮೆ ಎಂದುಕೊಂಡರೆ ಅರ್ಧಸತ್ಯವಾದೀತು.

ಅಲ್ಲಿ ಹತ್ತಾರು ಗಿರಾಕಿಗಳ ಸಣ್ಣ ಬೋರ್ಡುಗಳನ್ನು ಒಂದೇ ದೊಡ್ಡ ಹಲಗೆಯ ಮೇಲೆ ಜೋಡಿಸಿ ಒಟ್ಟಿಗೆ ತಯಾರಿಸಲಾಗುತ್ತದೆ. ಎಲ್ಲರದೂ ಒಂದೇ ದಪ್ಪ, ಸಾಮಾನ್ಯವಾಗಿ 1.6 ಮಿಲಿಮೀಟರ್, ಒಂದೇ ತಾಮ್ರ, ಸುಮಾರು 35 ಮೈಕ್ರಾನ್. ಹೀಗೆ ಜೋಡಿಸಲು ಸಾಧ್ಯವಾಗಬೇಕಾದರೆ ಎಲ್ಲರ ಫೈಲುಗಳೂ ಒಂದೇ ಶಿಸ್ತಿನಲ್ಲಿರಬೇಕು. ಆದ್ದರಿಂದಲೇ ತಂತಿ ಎಷ್ಟು ಸಣ್ಣದಿರಬಹುದು, ಎರಡರ ನಡುವೆ ಎಷ್ಟು ಅಂತರ ಬೇಕು, ರಂಧ್ರದ ಸುತ್ತ ಎಷ್ಟು ತಾಮ್ರ ಉಳಿಯಬೇಕು, ಯಾವ ಫೈಲಿಗೆ ಯಾವ ಹೆಸರಿಡಬೇಕು ಎಂಬುದನ್ನೆಲ್ಲ ಅವರು ಎಲ್ಲರಿಗೂ ಕಾಣುವಂತೆ ಪ್ರಕಟಿಸುತ್ತಾರೆ. ಫೈಲು ಸೇರಿಸಿದ ಕ್ಷಣದಲ್ಲೇ ತಂತ್ರಾಂಶ ಅದನ್ನು ಓದಿ, ಚಿತ್ರ ತೋರಿಸಿ, ದರವನ್ನೂ ಹೇಳುತ್ತದೆ. ಮೂರನೇ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಯೂ ಅದನ್ನು ನೋಡಿ ಫೈಲು ತಯಾರಿಸುವುದನ್ನು ಕಲಿಯುತ್ತಾನೆ. ಕಾರ್ಖಾನೆ ತನ್ನ ಗಿರಾಕಿಗೆ ತಾನೇ ಪಾಠ ಹೇಳಿತು. ಪಾಠ ಕಲಿತವನು ಅಲ್ಲಿಗೇ ಗಿರಾಕಿಯಾದ.

ಸುಂಕದ ಗೋಡೆಯೊಂದರಿಂದಲೇ ಇದನ್ನು ತಡೆಯಲಾಗದು. ಆರು ಪದರಗಳವರೆಗಿನ ಚೀನಾ ಮತ್ತು ಹಾಂಗ್‌ಕಾಂಗ್ ಬೋರ್ಡುಗಳ ಮೇಲೆ ಕೇಂದ್ರ ಸರಕಾರ 2024ರಲ್ಲಿ ಆ್ಯಂಟಿ ಡಂಪಿಂಗ್ ಸುಂಕ ವಿಧಿಸಿತು. ಅತಿ ಅಗ್ಗದ ಆಮದಿನಿಂದ ನಲುಗಿದ್ದ ದೇಶೀ ತಯಾರಕರಿಗೆ ಅದು ಅಗತ್ಯವಾಗಿತ್ತು. ಆದರೆ ಐದೇ ಬೋರ್ಡು ಬೇಕಾದವನಿಗೆ ದರಕ್ಕಿಂತ ಮುಖ್ಯವಾದದ್ದು ಸಿಗುವ ಉತ್ತರದ ವೇಗ ಮತ್ತು ಸ್ಪಷ್ಟತೆ. ಮಿಂಚಂಚೆ ಕಳುಹಿಸಿ, ದರಪಟ್ಟಿಗೆ ದಿನಗಟ್ಟಲೆ ಕಾದು, ಕನಿಷ್ಠ ಇಷ್ಟು ಬೋರ್ಡು ಕೊಂಡರೆ ಮಾತ್ರ ಎಂಬ ಷರತ್ತು ಕೇಳಬೇಕಾದ ಕಡೆ ಅವನು ಹೋಗಲಾರ. ಬೆಂಗಳೂರು, ಗುಜರಾತ್ ಮುಂತಾದೆಡೆ ಕೆಲವು ಸಂಸ್ಥೆಗಳು ಫೈಲು ಸೇರಿಸಿದೊಡನೆ ದರ ಹೇಳುವ ಸೇವೆಯನ್ನು ಆರಂಭಿಸಿರುವುದು ಈ ದೃಷ್ಟಿಯಿಂದ ಆಶಾದಾಯಕ. ಇಂಥವು ಹೆಚ್ಚಬೇಕು.

ಗುಟ್ಟಿನ ಮಾತು

ಫೈಲು ಹೊರಗೆ ಹೋಗುವುದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಗರ್ಬರ್ ಕಟ್ಟು, ಬಿಡಿಭಾಗಗಳ ಪಟ್ಟಿ, ಅವುಗಳ ಸ್ಥಾನದ ಕೋಷ್ಟಕ ಮೂರೂ ಕೈಗೆ ಸಿಕ್ಕರೆ ಬೋರ್ಡನ್ನು ಯಾರು ಬೇಕಾದರೂ ಮತ್ತೆ ತಯಾರಿಸಬಹುದು. ಚಿಪ್ಪಿನೊಳಗಿನ ತಂತ್ರಾಂಶ ಮಾತ್ರ ಅದರಲ್ಲಿರುವುದಿಲ್ಲ. ಮನೆಯ ಕಾಲಿಂಗ್ ಬೆಲ್ಲಿನ ಮಟ್ಟಿಗೆ ಇದು ದೊಡ್ಡ ಸಂಗತಿಯಲ್ಲ. ರಕ್ಷಣೆ, ದೂರಸಂಪರ್ಕ, ವಿದ್ಯುತ್ ಜಾಲದ ಉಪಕರಣಗಳ ವಿಷಯದಲ್ಲಿ ಹಾಗೆನ್ನಲಾಗದು. ಎಲ್ಲ ಬೋರ್ಡೂ ದೇಶದಲ್ಲೇ ಆಗಬೇಕೆಂಬ ಹಟ ಬೇಕಿಲ್ಲ. ಯಾವುದು ಹೊರಗೆ ಹೋಗಬಹುದು, ಯಾವುದು ಹೋಗಬಾರದು ಎಂದು ಆಯ್ಕೆ ಮಾಡುವ ಸ್ವಾತಂತ್ರ್ಯವಾದರೂ ಇರಬೇಕು. ಒಳಗೆ ತಯಾರಿಸುವ ಅನುಕೂಲವಿಲ್ಲದವನಿಗೆ ಆ ಆಯ್ಕೆಯೇ ಇಲ್ಲ.

ಕರ್ನಾಟಕದ ಪಾಲೇನು?

ಈ ಕ್ಷೇತ್ರದಲ್ಲಿ ಕರ್ನಾಟಕ ಬರಿಗೈಯಲ್ಲಿ ಕುಳಿತಿಲ್ಲ. ಆಸ್ಟ್ರಿಯಾ ಮೂಲದ ಎಟಿ ಆ್ಯಂಡ್ ಎಸ್ ಕಂಪನಿಯ ಪಿಸಿಬಿ ಕಾರ್ಖಾನೆ ನಂಜನಗೂಡಿನಲ್ಲಿ ಎರಡು ದಶಕಗಳಿಗೂ ಹೆಚ್ಚು ಕಾಲದಿಂದಿದೆ. ಐಸ್ಲರ್ ಹುಟ್ಟಿದ ನಾಡಿನ ವಿದ್ಯೆ ಕಪಿಲೆಯ ದಂಡೆಗೆ ಬಂದು ನೆಲೆಸಿದಂತಾಗಿದೆ. ಬೋರ್ಡಿಗೆ ಬಿಡಿಭಾಗ ಜೋಡಿಸುವ ಕೆಲಸದಲ್ಲಿ ಹೆಸರು ಮಾಡಿರುವ ಕೇನ್ಸ್ ಟೆಕ್ನಾಲಜಿಯ ಕೇಂದ್ರ ಕಚೇರಿ ಮೈಸೂರಿನಲ್ಲಿದೆ. ಮೈಸೂರಿನ ಬಳಿ ಪಿಸಿಬಿ ಕ್ಲಸ್ಟರ್ ಸ್ಥಾಪಿಸುವುದಾಗಿ ರಾಜ್ಯ ಸರಕಾರವೂ ಘೋಷಿಸಿದೆ.

ಆದರೂ 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಯೋಜನೆಯಡಿ ಒಪ್ಪಿಗೆ ಪಡೆದ ಮೊದಲ ಕಂತಿನ ಏಳು ಘಟಕಗಳಲ್ಲಿ ಐದು ತಮಿಳುನಾಡಿಗೆ ಹೋದವು. ಆಂಧ್ರ ಪ್ರದೇಶಕ್ಕೂ ಮಧ್ಯ ಪ್ರದೇಶಕ್ಕೂ ಒಂದೊಂದು ದೊರೆತವು. ಒಟ್ಟು 5,532 ಕೋಟಿ ರೂಪಾಯಿ ಹೂಡಿಕೆಯ ಆ ಪಟ್ಟಿಯಲ್ಲಿ ಕರ್ನಾಟಕದ ನೆಲ ಇರಲಿಲ್ಲ. ಮೈಸೂರಿನ ಕೇನ್ಸ್ ಸಮೂಹದ ಘಟಕಗಳು ಅದರಲ್ಲಿದ್ದರೂ ಅವು ನೆಲೆಗೊಳ್ಳುವುದು ನೆರೆರಾಜ್ಯದಲ್ಲಿ. ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ 17 ಯೋಜನೆಗಳ ಎರಡನೇ ಕಂತಿನಲ್ಲಷ್ಟೇ ರಾಜ್ಯದ ಹೆಸರು ಕಾಣಿಸಿಕೊಂಡಿತು.

ಭೂಮಿ, ನೀರು, ವಿದ್ಯುತ್ತು, ರಿಯಾಯಿತಿಗಳ ಪೈಪೋಟಿಯಲ್ಲಿ ನೆರೆಯವರು ಮುಂದಿರಬಹುದು. ಆದರೆ ಫೈಲು ತಯಾರಿಸುವ ವಿದ್ಯೆಯಲ್ಲಿ ಬೆಂಗಳೂರಿಗೆ ಹಳೆಯ ಪರಂಪರೆಯಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1970ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಸಹಕಾರದೊಂದಿಗೆ ಎಲೆಕ್ಟ್ರಾನಿಕ್ಸ್ ವಿನ್ಯಾಸ ಮತ್ತು ತಂತ್ರಜ್ಞಾನ ಕೇಂದ್ರ ಹುಟ್ಟಿತು. ವಿನ್ಯಾಸ ಮತ್ತು ತಯಾರಿಕೆಯನ್ನು ಒಂದೇ ಸೂರಿನಡಿ ಕಲಿಸಬೇಕೆಂಬುದು ಅದರ ಆಶಯ. ಅಲ್ಲಿದ್ದ ವಾಲ್ಟರ್ ಬೊಸ್ಹಾರ್ಟ್ ಬರೆದ ಪಿಸಿಬಿ ಕುರಿತ ಗ್ರಂಥ ದೇಶದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಬಹುಕಾಲ ಪಠ್ಯವಾಗಿತ್ತು. ತಂತಿಯ ಅಗಲವನ್ನು ನಿರ್ಧರಿಸುವವನು ಅದನ್ನು ಕೊರೆಯುವ ಆಮ್ಲದ ತೊಟ್ಟಿಯನ್ನೂ ನೋಡಿರಬೇಕು ಎಂಬುದು ಆ ಪರಂಪರೆಯ ಪಾಠ. ಇಂದು ವಿನ್ಯಾಸಕಾರನ ಮೇಜಿಗೂ ಆ ತೊಟ್ಟಿಗೂ ನಡುವೆ ಸಮುದ್ರವೇ ಬಂದು ನಿಂತಿದೆ.

ಆಗಬೇಕಾದದ್ದು

ಕಾರ್ಖಾನೆಗೆ ಸುರಿಯುವ ಹಣಕ್ಕೆ ಹೋಲಿಸಿದರೆ ಫೈಲಿನ ಶಿಸ್ತಿಗೆ ತಗಲುವ ವೆಚ್ಚ ಅತ್ಯಲ್ಪ. ಮೊದಲನೆಯದಾಗಿ, ಸರಕಾರದ ನೆರವು ಪಡೆಯುವ ಪ್ರತಿಯೊಬ್ಬ ತಯಾರಕನೂ ತನ್ನ ಯಂತ್ರಗಳ ಮಿತಿಗಳನ್ನು ಒಂದೇ ನಮೂನೆಯಲ್ಲಿ ಪ್ರಕಟಿಸುವಂತಾಗಬೇಕು. ಯಾರಿಗೆ ಏನು ಸಾಧ್ಯ ಎಂಬುದು ಗುಟ್ಟಾಗಿರುವ ತನಕ ವಿನ್ಯಾಸಕಾರ ಕತ್ತಲಲ್ಲೇ ಗೆರೆ ಎಳೆಯುತ್ತಾನೆ.

ಎರಡನೆಯದಾಗಿ, ಅರ್ಥವನ್ನೂ ಹೊರಬಲ್ಲ ಹೊಸ ಮಾದರಿಗಳು ಬಳಕೆಗೆ ಬರಬೇಕು. ಗರ್ಬರ್ ಎಕ್ಸ್2 ಇದೆ. ಎಲ್ಲ ಮಾಹಿತಿಯನ್ನೂ ಒಂದೇ ಫೈಲಿನಲ್ಲಿ ಕಟ್ಟಿಕೊಡುವ ಐಪಿಸಿ-2581 ಎಂಬ ಮುಕ್ತ ಮಾನದಂಡವೂ ಇದೆ. ಎಷ್ಟೋ ಕಡೆ ಇವನ್ನು ಕಳುಹಿಸುವವರಿಲ್ಲ, ಕಳುಹಿಸಿದರೆ ಓದುವವರಿಲ್ಲ. ಹೊಸ ಕಾರ್ಖಾನೆಗಳು ಹಳೆಯ ಅಭ್ಯಾಸದ ಹೊರೆಯಿಲ್ಲದೆ ಆರಂಭವಾಗುವುದರಿಂದ ಈ ಬದಲಾವಣೆಗೆ ಇದೇ ಸರಿಯಾದ ಸಮಯ.

ಮೂರನೆಯದು ಶಿಕ್ಷಣ. ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗೆ ಸರ್ಕ್ಯೂಟ್ ಬಿಡಿಸುವುದನ್ನು ಕಲಿಸಲಾಗುತ್ತಿದೆ. ಫೈಲು ಹೊರತೆಗೆದು, ಬೇರೊಂದು ತಂತ್ರಾಂಶದಲ್ಲಿ ತೆರೆದು, ಪದರ ಪದರವಾಗಿ ಕಾರ್ಖಾನೆಯ ಕಣ್ಣಿನಿಂದ ನೋಡುವ ಅಭ್ಯಾಸ ಕಲಿಯುವವರು ವಿರಳ. ಇದಕ್ಕೆ ದುಬಾರಿ ತಂತ್ರಾಂಶವೂ ಬೇಕಿಲ್ಲ. ಫ್ರಾನ್ಸ್‌ನಲ್ಲಿ 1992ರಲ್ಲಿ ಹುಟ್ಟಿ, ಮುಂದೆ ಯುರೋಪಿನ ಸರ್ನ್ ಸಂಶೋಧನಾ ಕೇಂದ್ರದ ನೆರವಿನಿಂದ ಬೆಳೆದ ಕೈಕ್ಯಾಡ್ ಉಚಿತವಾಗಿಯೇ ಸಿಗುತ್ತದೆ. ಗರ್ಬರ್ ಫೈಲುಗಳನ್ನು ತೆರೆದು ನೋಡುವ ಸೌಲಭ್ಯ ಅದರೊಂದಿಗೇ ಬರುತ್ತದೆ. ಮೇಲೆ ಹೇಳಿದ ಪಂಪಿನ ಬೋರ್ಡಿನಲ್ಲಿ ಸೀಳು ಮಾಯವಾದದ್ದು ಹೀಗೆ ನೋಡಿದ್ದರೆ ಐದೇ ನಿಮಿಷದಲ್ಲಿ ತಿಳಿಯುತ್ತಿತ್ತು. ಪ್ರತಿ ವಿದ್ಯಾರ್ಥಿಯೂ ಪದವಿ ಮುಗಿಸುವ ಮುನ್ನ ಒಂದು ಬೋರ್ಡನ್ನಾದರೂ ದೇಶದೊಳಗಿನ ಕಾರ್ಖಾನೆಗೆ ಕಳುಹಿಸಿ, ಅವರ ಪ್ರಶ್ನೆಗಳಿಗೆ ಉತ್ತರಿಸಿ, ತಯಾರಾಗಿ ಬಂದದ್ದನ್ನು ತನ್ನ ಫೈಲಿಗೆ ಹೋಲಿಸಿ ನೋಡುವಂತಾಗಬೇಕು.

ಐದು ಬೋರ್ಡಿನ ಗಿರಾಕಿಯಿಂದ ದೊಡ್ಡ ಕಾರ್ಖಾನೆಗೆ ಲಾಭವಿಲ್ಲ ಎಂಬ ವಾದ ಇದ್ದೇ ಇದೆ. ಲೆಕ್ಕದ ದೃಷ್ಟಿಯಿಂದ ಅದು ಸುಳ್ಳೂ ಅಲ್ಲ. ಬಹುಪದರದ ಬೋರ್ಡುಗಳನ್ನು ಲಕ್ಷಗಟ್ಟಲೆ ತಯಾರಿಸುವ ಸ್ಥಾವರಕ್ಕೆ ಇಂಥ ಚಿಲ್ಲರೆ ಕೆಲಸ ಹೊರೆಯೇ ಸರಿ. ಆದರೆ ಇಂದು ಐದು ಬೋರ್ಡು ತರಿಸಿಕೊಂಡವನ ಉಪಕರಣ ನಾಳೆ ಮಾರುಕಟ್ಟೆಯಲ್ಲಿ ಗೆದ್ದರೆ ಅವನಿಗೆ ಐವತ್ತು ಸಾವಿರ ಬೇಕಾಗುತ್ತದೆ. ಅಷ್ಟರೊಳಗೆ ಅವನ ವಿನ್ಯಾಸದ ಅಳತೆಗಳೆಲ್ಲ ಶೆನ್ಜೆನ್ನಿನ ಯಂತ್ರಗಳಿಗೆ ಒಗ್ಗಿಹೋಗಿರುತ್ತವೆ, ದೊಡ್ಡ ಆರ್ಡರೂ ಅಲ್ಲಿಗೇ ಹೋಗುತ್ತದೆ. ಆದ್ದರಿಂದ ದೊಡ್ಡ ಸ್ಥಾವರಗಳ ಜತೆಗೆ ಸಣ್ಣ ಆರ್ಡರುಗಳನ್ನು ಒಟ್ಟುಗೂಡಿಸಿ ಮಾಡಿಕೊಡುವ ಘಟಕಗಳಿಗೂ ಯೋಜನೆಯ ಫಲ ತಲುಪಬೇಕು. ಮೈಸೂರಿನ ಉದ್ದೇಶಿತ ಕ್ಲಸ್ಟರಿನಲ್ಲಿ ಅಂಥದ್ದೊಂದು ಘಟಕಕ್ಕೆ, ಅದರ ಪಕ್ಕದಲ್ಲೇ ಫೈಲು ಪರೀಕ್ಷಿಸಿ ಸಲಹೆ ನೀಡುವ ಕೇಂದ್ರಕ್ಕೆ ಜಾಗ ಮೀಸಲಿಟ್ಟರೆ ರಾಜ್ಯಕ್ಕೆ ನಷ್ಟವೇನೂ ಇಲ್ಲ.

ಯಂತ್ರಗಳನ್ನು ದುಡ್ಡು ಕೊಟ್ಟು ತರಬಹುದು. ಆ ಯಂತ್ರಗಳಿಗೆ ತಪ್ಪಿಲ್ಲದ ಮಾತು ಹೇಳುವ ಅಭ್ಯಾಸ ಹಾಗೆ ಬರುವುದಿಲ್ಲ. ಅದನ್ನು ಕಲಿಸಬೇಕು, ಕಲಿಯಬೇಕು. ಕೋಟಿಗಳ ಲೆಕ್ಕ ಬರೆಯುವವರು ಈ ಕಡೆಗೂ ಒಮ್ಮೆ ಕಣ್ಣು ಹಾಯಿಸದಿದ್ದರೆ ಕಾರ್ಖಾನೆ ಇಲ್ಲೇ ಎದ್ದು ನಿಂತ ಮೇಲೂ ಬೆಂಗಳೂರಿನ ಫೈಲುಗಳು ಹಳೆಯ ದಾರಿಯನ್ನೇ ಹಿಡಿಯಲಿವೆ.